ವಿಮೋಚನೆ, ಪೊಲೀಸ್ ಆಕ್ಷನ್, ಸುಕೂತ್: ಜನರೇ ಇಲ್ಲದ ಮೂರು ಹೆಸರುಗಳು

ಹತ್ತನೇ ತರಗತಿಯ ಇತಿಹಾಸ ಪುಸ್ತಕದ ಮೊದಲ ಪಾಠ ಯುರೋಪಿನದು. 1848ರಲ್ಲಿ ಪ್ಯಾರಿಸ್ಸಿನ ಜನ ಬೀದಿಗಿಳಿದದ್ದು, ದೊರೆ ಲೂಯಿ ಫಿಲಿಪ್ ಓಡಿಹೋದದ್ದು, ಸಿಲೇಷಿಯಾದ ನೇಕಾರರು ಕೂಲಿ ಇಳಿಸಿದ ಗುತ್ತಿಗೆದಾರನ ಮನೆಗೆ ನುಗ್ಗಿದ್ದು, ಎಲ್ಲ ಅದರಲ್ಲಿದೆ. ಚೆನ್ನೈನ ನಮ್ಮ ಶಾಲೆಯ ಮಕ್ಕಳು ಈ ಪಾಠವನ್ನು ಚೆನ್ನಾಗಿ ಬರೀತಾರೆ. ಜನ ಯಾಕೆ ಎದ್ದರು ಅಂತ ಕೇಳಿದರೆ ಹಸಿವು, ನಿರುದ್ಯೋಗ, ಮತದಾನದ ಹಕ್ಕು ಅಂತ ಉತ್ತರ ಬರುತ್ತೆ. ಲೂಯಿ ಫಿಲಿಪ್ ಯಾವ ಚರ್ಚಿಗೆ ಹೋಗುತ್ತಿದ್ದ ಅಂತ ಯಾವ ಮಗುವೂ ಕೇಳಿಲ್ಲ. ಕೇಳುವ ಅಗತ್ಯವೂ ಬಿದ್ದಿಲ್ಲ.

ಕಳೆದ ವರ್ಷ ಪಾಠ ಮುಗಿಸುವಾಗ ಸುಮ್ಮನೆ ಒಂದು ಪ್ರಶ್ನೆ ಹಾಕಿದೆ. ‘ಸರಿ, ನೂರು ವರ್ಷ ಮುಂದೆ ಬನ್ನಿ. 1948ರಲ್ಲಿ ಹೈದರಾಬಾದಿನಲ್ಲಿ ಏನಾಯ್ತು?’

ಮೊದಲ ಬೆಂಚಿನ ಹುಡುಗ ‘ಪೊಲೀಸ್ ಆಕ್ಷನ್, ಮಿಸ್’ ಅಂದ. ಇನ್ನೊಬ್ಬ ‘ರಜಾಕಾರರನ್ನ ಹೊಡೆದು ಹಿಂದೂಗಳನ್ನ ಬಿಡಿಸಿದ್ರು’ ಅಂದ. ಎಲ್ಲಿ ಓದಿದೆ ಅಂತ ಕೇಳಿದರೆ ಫೋನಿನಲ್ಲಿ ನೋಡಿದ್ದಂತೆ. ಟ್ರಿಪ್ಲಿಕೇನಿನ ಒಬ್ಬ ಹುಡುಗಿ ತಲೆ ಬಗ್ಗಿಸಿಕೊಂಡೇ ಹೇಳಿದಳು: ‘ಹಮಾರಿ ಹುಕೂಮತ್ ಗಯೀ, ಮಿಸ್. ನಾನಾ ಬೋಲ್ತೇ.’ ನಮ್ಮ ಸರ್ಕಾರ ಹೋಯ್ತು ಅಂತ ಅವಳ ಅಜ್ಜ ಹೇಳುತ್ತಾರಂತೆ.

ಓದುಗರೇ, ಈ ಮೂರು ಉತ್ತರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಒಂದರಲ್ಲಿ ಕೆಲಸ ಮಾಡಿದವರು ಪೊಲೀಸರು. ಇನ್ನೊಂದರಲ್ಲಿ ದೆಹಲಿಯ ಸೈನ್ಯ. ಮೂರನೆಯದರಲ್ಲಿ ಯಾರೂ ಇಲ್ಲ, ಸರ್ಕಾರ ತಾನಾಗಿಯೇ ‘ಹೋಯ್ತು’. ನಾವು ದೊಡ್ಡವರು ಬಳಸುವ ಹೆಸರುಗಳೂ ಹೀಗೇ ಇವೆ. ಕನ್ನಡದಲ್ಲಿ ‘ಹೈದರಾಬಾದ್ ವಿಮೋಚನೆ’, ದಫ್ತರದ ಭಾಷೆಯಲ್ಲಿ ‘ಪೊಲೀಸ್ ಆಕ್ಷನ್’, ಉರ್ದುವಿನಲ್ಲಿ ‘ಸುಕೂತ್-ಎ-ಹೈದರಾಬಾದ್’, ಅಂದರೆ ಹೈದರಾಬಾದಿನ ಪತನ. ಪ್ಯಾರಿಸ್ಸಿನಲ್ಲಿ ಜನ ಎದ್ದರು ಅಂತ ಬರೆಯುವ ನಮ್ಮ ಕೈಗೆ, ರಾಯಚೂರು, ಬೀದರ್, ಕಲಬುರಗಿ, ವಾರಂಗಲ್, ನಲ್ಗೊಂಡಗಳಲ್ಲಿ ಜನ ಎದ್ದರು ಅಂತ ಬರೆಯಲು ಒಂದು ಶಬ್ದ ಸಿಗುವುದಿಲ್ಲ. ನನ್ನ ತಕರಾರು ಇಷ್ಟೇ. ಆದರೆ ಈ ‘ಇಷ್ಟೇ’ ಸಣ್ಣದಲ್ಲ.

ಮೊದಲು ಆ ರಾಜ್ಯ ಹೇಗಿತ್ತು ನೋಡೋಣ. ಹಳೆಯ ಕಾಲದ ಯಾವುದೋ ಸುಲ್ತಾನರ ಕಥೆ ಇದಲ್ಲ. ಮುಂಬಯಿ ಕಡೆಯಿಂದ ಬಂದ ರೈಲು ಹಳಿಯೂ ಮದ್ರಾಸಿನಿಂದ ಹೋದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರದ್ದೇ ರೈಲು ಓಡಿತು. ಕಲಬುರಗಿಯಲ್ಲಿ ಮೆಹಬೂಬ್ ಶಾಹಿ ಮಿಲ್ಲು, ನಾಂದೇಡಿನಲ್ಲಿ ಉಸ್ಮಾನ್ ಶಾಹಿ ಮಿಲ್ಲು, ವಾರಂಗಲ್ಲಿನಲ್ಲಿ ಆಜಮ್ ಜಾಹಿ ಮಿಲ್ಲು, ಶಹಾಬಾದಿನಲ್ಲಿ ಸಿಮೆಂಟು. ಮಿಲ್ಲುಗಳ ಹೆಸರಿನಲ್ಲೇ ದೊರೆಯ ಮನೆತನ ಕೂತಿದೆ. 1937ರಲ್ಲಿ ‘ಟೈಮ್’ ಪತ್ರಿಕೆ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಚಿತ್ರವನ್ನು ಮುಖಪುಟದಲ್ಲಿ ಹಾಕಿ, ಜಗತ್ತಿನ ಅತಿ ಶ್ರೀಮಂತ ಅಂತ ಕರೆಯಿತು.

ಅದೇ ರಾಜ್ಯದ ಹಳ್ಳಿಯಲ್ಲಿ ಬಿಟ್ಟಿ ಚಾಕರಿ ನಡೀತಿತ್ತು. ನೆಲದಲ್ಲಿ ಸುಮಾರು 10ನೇ ಒಂದು ಪಾಲು ‘ಸರ್ಫ್-ಎ-ಖಾಸ್’, ಅಂದರೆ ದೊರೆಯ ಸ್ವಂತ ಖರ್ಚಿನ ಜಮೀನು. 10ರಲ್ಲಿ 3 ಪಾಲು ಜಾಗೀರುದಾರರದ್ದು. ಉಳಿದ ದಿವಾನಿ ಪ್ರದೇಶದಲ್ಲೂ ತೆಲಂಗಾಣದ ಕಡೆ ದೇಶಮುಖರ ದರ್ಬಾರು. ‘ಗಶ್ತಿ ನಿಶಾನ್ 53’ ಅಂತ ಒಂದು ಸುತ್ತೋಲೆ ಇತ್ತು. ಸರ್ಕಾರದ ಅನುಮತಿ ಇಲ್ಲದೆ ಸಭೆ ಸೇರುವ ಹಾಗಿರಲಿಲ್ಲ. ಮಿಲ್ಲು ಬಂತು, ರೈಲು ಬಂತು, ಕಾರ್ಖಾನೆಯ ಸೈರನ್ನಿಗೆ ಸರಿಯಾಗಿ ಕೂಲಿಯವನು ಓಡಬೇಕಾಯ್ತು, ಆದರೆ ಅವನು ನಾಲ್ಕು ಜನ ಸೇರಿಸಿ ಮಾತಾಡಬೇಕು ಅಂದರೆ ದೊರೆಯ ಅಪ್ಪಣೆ ಬೇಕು. 1848ರ ಪಾಠ ಓದಿದ ನಮ್ಮ ಮಕ್ಕಳಿಗೆ ಇದು ಕೂಡಲೇ ಅರ್ಥವಾಗುವ ವಿಷಯ.

ಉರ್ದು ಕಲಿಸುವವಳಾಗಿ ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲೇ ವಿಜ್ಞಾನ, ವೈದ್ಯ ಎಲ್ಲ ಕಲಿಸಿತು ಅಂತ ನಾವು ಹೆಮ್ಮೆ ಪಡುತ್ತೇವೆ. ಒಂದು ದೇಶಭಾಷೆಯಲ್ಲಿ ಅಷ್ಟು ಎತ್ತರದ ಕಲಿಕೆ, ಹೆಮ್ಮೆ ಸರಿಯೇ. ಆದರೆ ಮನೆಯಲ್ಲಿ ಕನ್ನಡ, ತೆಲುಗು, ಮರಾಠಿ ಆಡುವ ಬಹುಸಂಖ್ಯಾತರ ಮಕ್ಕಳಿಗೆ ಆ ಭಾಷೆ ಕಚೇರಿಯ ಬಾಗಿಲಿಗೆ ಹಾಕಿದ ಬೀಗವೂ ಆಗಿತ್ತು. ರಾಯಚೂರಿನ ಒಬ್ಬ ರೈತ ತನ್ನ ಹೊಲದ ಕಾಗದವನ್ನು ಓದಿಸಿಕೊಳ್ಳಲು ಬೇರೆಯವರ ಮನೆ ಮುಂದೆ ನಿಲ್ಲಬೇಕಾಗಿದ್ದರೆ ಅವನ ಸಿಟ್ಟು ನಮ್ಮ ಮೀರ್, ಗಾಲಿಬ್ ಮೇಲಲ್ಲ. ಆ ಸಿಟ್ಟನ್ನು ‘ಉರ್ದು ದ್ವೇಷ’ ಅಂತ ಬರೆಯುವ ನಮ್ಮವರು ಇದನ್ನು ಯೋಚಿಸಬೇಕು. ಅದೇ ಉರ್ದು ಶಾಲೆಗಳಲ್ಲಿ ಕಲಿತು, ನಿಜಾಮರ ವಿರುದ್ಧದ ಹೋರಾಟದಲ್ಲೂ ಇದ್ದು, ಆಮೇಲೆ ಕನ್ನಡಕ್ಕೆ ಗಜಲ್ ತಂದವರು ರಾಯಚೂರು ಸೀಮೆಯ ಶಾಂತರಸರು. ದೊರೆಯನ್ನು ಬಿಟ್ಟರು, ಭಾಷೆಯನ್ನು ಬಿಡಲಿಲ್ಲ.

ಈಗ ‘ಹಿಂದೂಗಳು ಮುಸ್ಲಿಂ ರಾಜನ ವಿರುದ್ಧ ಎದ್ದರು’ ಅನ್ನುವ ಕಥೆಗೆ ಬರೋಣ. ಈ ಕಥೆಗೆ ಅಡ್ಡ ಬರುವ ಒಬ್ಬ ಮನುಷ್ಯನಿದ್ದಾನೆ. ಹೆಸರು ಬಂದಗಿ. ವಾರಂಗಲ್ ಕಡೆಯ ಕಾಮಾರೆಡ್ಡಿಗೂಡೆಂ ಎಂಬ ಹಳ್ಳಿಯ ಬಡ ಮುಸ್ಲಿಂ ರೈತ. ಅವನ ತುಂಡು ನೆಲದ ಮೇಲೆ ಕಣ್ಣು ಹಾಕಿದವನು ವಿಸ್ನೂರಿನ ದೇಶಮುಖ ರಾಮಚಂದ್ರ ರೆಡ್ಡಿ. ಬಂದಗಿ ಕೋರ್ಟಿಗೆ ಹೋದ, ಬಗ್ಗಲಿಲ್ಲ. 1940ರಲ್ಲಿ ದೇಶಮುಖನ ಜನ ಅವನನ್ನು ಕೊಂದರು. ಗಮನಿಸಿ: ದೊರೆ ಮುಸ್ಲಿಂ, ಸತ್ತವನು ಮುಸ್ಲಿಂ, ಕೊಲ್ಲಿಸಿದವನು ಹಿಂದೂ, ಮತ್ತು ಆ ಕೊಲ್ಲಿಸಿದವನ ಗಡಿಗೆ, ಕುರ್ಚಿಗೆ ಬಲ ಕೊಟ್ಟದ್ದು ದೊರೆಯ ಆಡಳಿತ. 1946ರ ಜುಲೈ 4ರಂದು ಅದೇ ದೇಶಮುಖನ ಗೂಂಡಾಗಳು ಕಡವೆಂಡಿಯಲ್ಲಿ ದೊಡ್ಡಿ ಕೊಮರಯ್ಯನನ್ನು ಗುಂಡಿಟ್ಟು ಕೊಂದಾಗ ಬೆಂಕಿ ಹತ್ತಿಕೊಂಡಿತು. ಬಂದಗಿಯ ಕಥೆ ‘ಮಾ ಭೂಮಿ’ ಎಂಬ ತೆಲುಗು ನಾಟಕವಾಗಿ ಊರೂರು ತಿರುಗಿತು. ಕಮ್ಯುನಿಸ್ಟ್ ಪಕ್ಷದ ಲೆಕ್ಕದಲ್ಲಿ ಬಂಡಾಯ ಹಬ್ಬಿದ್ದು ಸುಮಾರು 3,000 ಹಳ್ಳಿಗಳಿಗೆ, ಹಂಚಿದ ನೆಲ 10 ಲಕ್ಷ ಎಕರೆ. ಪಕ್ಷದ ಲೆಕ್ಕ ಪಕ್ಷದ್ದು, ಸ್ವಲ್ಪ ಕಡಿಮೆ ಮಾಡಿಕೊಂಡೇ ಓದಿ. ಆದರೂ ಅದು ಸಣ್ಣ ಗಲಾಟೆಯಲ್ಲ.

ಕನ್ನಡ ಜಿಲ್ಲೆಗಳ ಹೋರಾಟದ ಸ್ವರೂಪ ಬೇರೆ. ಅಲ್ಲಿ ಮುಂದಾಳು ಸ್ವಾಮಿ ರಮಾನಂದ ತೀರ್ಥರು, ಹುಟ್ಟಿದ್ದು ಸಿಂದಗಿಯಲ್ಲಿ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಶುರು ಮಾಡುತ್ತಲೇ ನಿಷೇಧಿಸಲಾಯಿತು. ಕೊಪ್ಪಳ ಸೀಮೆಯ ಅಳವಂಡಿ ಶಿವಮೂರ್ತಿಸ್ವಾಮಿ ಮುಂತಾದವರು ಮುಂಡರಗಿಯಂಥ ಗಡಿ ಶಿಬಿರಗಳಿಂದ ಹೋರಾಡಿದರು. ಇವರ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬಂದಿದೆ, ನಾನು ಮತ್ತೆ ಹೇಳಬೇಕಿಲ್ಲ. ಬರದೇ ಇರುವುದು ಬೇರೆಯವರ ಬಗ್ಗೆ.

ಮಖ್ದೂಮ್ ಮೊಹಿಯುದ್ದೀನರ ಹೆಸರು ನಿಮಗೆ ಗೊತ್ತಿರಬಹುದು, ಹಿಂದಿ ಸಿನಿಮಾ ಹಾಡಿನ ದೆಸೆಯಿಂದಲಾದರೂ. 1908ರಲ್ಲಿ ಮೆದಕ್ ಜಿಲ್ಲೆಯ ಅಂದೋಲಿನಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು, ಮಸೀದಿಯ ಕಸ ಗುಡಿಸಿ ಬೆಳೆದವರು. ಹೈದರಾಬಾದಿನ ಸಿಟಿ ಕಾಲೇಜಿನಲ್ಲಿ ಉರ್ದು ಮೇಷ್ಟ್ರಾಗಿದ್ದರು. ಆ ಕೆಲಸ ಬಿಟ್ಟು ಕಾರ್ಮಿಕರ ಯೂನಿಯನ್ ಕಟ್ಟಲು ಹೋದರು. ರೈಲ್ವೆ, ಮಿಲ್ಲು, ಸಿಗರೇಟು ಕಾರ್ಖಾನೆ ಅಂತ ಸುತ್ತಿದ ಈ ಮನುಷ್ಯ ಆಲ್ ಹೈದರಾಬಾದ್ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು. 1944ರಲ್ಲಿ ‘ಸುರ್ಖ್ ಸವೇರಾ’ ಎಂಬ ಸಂಕಲನ ಬಂತು. ನಮ್ಮ ಮುಶಾಯಿರಾಗಳಲ್ಲಿ ಮಖ್ದೂಮರ ಪ್ರೇಮದ ಗಜಲುಗಳಿಗೆ ‘ವಾಹ್’ ಬೀಳುತ್ತೆ. ತೆಲಂಗಾಣದ ಮೇಲೆ ಬರೆದ ನಜ್ಮನ್ನು ಯಾರೂ ಓದಲ್ಲ. ನಾನು ಕೂತ ಸಭೆಗಳ ಮಾತು ಹೇಳ್ತಿದೀನಿ. ನಿಜಾಮರನ್ನು ಬೀಳಿಸಬೇಕು ಅಂತ ಭೂಗತನಾದ ಕವಿಯನ್ನು ನಿಜಾಮರ ಕಾಲದ ‘ತಹಜೀಬ್’ಗೆ ಉದಾಹರಣೆಯಾಗಿ ಕೊಡುವುದು ನಮಗೇ ಸಾಧ್ಯ!

ಕೃಷನ್ ಚಂದರ್ ಅವರ ‘ಜಬ್ ಖೇತ್ ಜಾಗೇ’ ಕಾದಂಬರಿಯೂ ಹಾಗೇ. ಉರ್ದುವಿನಲ್ಲಿ ಈ ಬಂಡಾಯದ ಬಗ್ಗೆ ಬಂದ ಪ್ರಸಿದ್ಧ ಕಾದಂಬರಿ ಅದು. 1979ರಲ್ಲಿ ಗೌತಮ್ ಘೋಷ್ ಅದನ್ನು ಆಧರಿಸಿ ತೆಲುಗಿನಲ್ಲಿ ‘ಮಾ ಭೂಮಿ’ ಸಿನಿಮಾ ಮಾಡಿದರು. (ನಾಟಕದ ಹೆಸರೂ ಸಿನಿಮಾದ ಹೆಸರೂ ಒಂದೇ, ಕಥೆ ಬೇರೆ. ವಿದ್ಯಾರ್ಥಿಗಳು ಗೊಂದಲ ಮಾಡಿಕೊಳ್ಳಬೇಡಿ.) ಮರುದಿನ ಬೆಳಿಗ್ಗೆ ಗಲ್ಲಿಗೇರಬೇಕಾದ ರಾಘವರಾವ್ ಎಂಬ ರೈತ ಯುವಕ ಜೈಲಿನಲ್ಲಿ ಕೂತು ತನ್ನ ಬದುಕನ್ನು ನೆನೆಯುವುದೇ ಅದರ ಕಥೆ. ಕಾದಂಬರಿಯಾಗಿ ನನಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಭಾಷೆ ತೀರ ಸಿಹಿ, ಬಡತನವೂ ಎಲ್ಲೋ ಚಂದ ಕಾಣುತ್ತೆ, ಹೊರಗಿನಿಂದ ಬಂದವರು ನೋಡಿದ ಹಳ್ಳಿ ಅದು. ಹೈದರಾಬಾದಿನ ಹಳೆಯ ಹವೇಲಿ ಒಳಗಿನಿಂದಲೇ ಹೇಗೆ ಕೊಳೆಯಿತು ಅಂತ ತಿಳಿಯಬೇಕಾದರೆ ಜೀಲಾನಿ ಬಾನೋ ಅವರ ‘ಐವಾನ್-ಎ-ಗಜಲ್’ ಓದಿ. ಹೆಣ್ಣುಮಕ್ಕಳ ಮೇಲೆ ಆ ‘ತಹಜೀಬ್’ ಎಷ್ಟು ಭಾರ ಹೇರಿತ್ತು ಅನ್ನುವುದು ಅಲ್ಲಿದೆ. ಆದರೂ ಕೃಷನ್ ಚಂದರ್ ಒಂದು ಕೆಲಸ ಮಾಡಿದರು. ಆ ರಾಜ್ಯದ ದರ್ಬಾರಿನ ಭಾಷೆಯಲ್ಲೇ ಆ ದರ್ಬಾರಿನ ವಿರುದ್ಧ ಎದ್ದ ರೈತನನ್ನು ನಾಯಕನನ್ನಾಗಿ ಮಾಡಿದರು.

ಮೂರನೆಯವರು ಶೋಯಬುಲ್ಲಾ ಖಾನ್. ಇವರ ಬಗ್ಗೆ ಬರೆಯುವಾಗ ನನಗೆ ಟ್ರಿಪ್ಲಿಕೇನಿನ ‘ಮುಸಲ್ಮಾನ್’ ಪತ್ರಿಕೆ ಕಣ್ಣಿಗೆ ಬರುತ್ತೆ. ಕಾತಿಬರು ಕೈಯಲ್ಲಿ ಬರೆದು ಹೊರಡಿಸಿದ ಉರ್ದು ದಿನಪತ್ರಿಕೆ, 1927ರಲ್ಲಿ ಶುರುವಾದದ್ದು. ಉದ್ಘಾಟಿಸಿದವರು ಡಾ. ಎಂ.ಎ. ಅನ್ಸಾರಿ, ಆ ವರ್ಷ ಮದ್ರಾಸಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು. ಬ್ರಿಟಿಷ್ ಮದ್ರಾಸಿನಲ್ಲಿ ಒಂದು ಉರ್ದು ಪತ್ರಿಕೆ ಕಾಂಗ್ರೆಸ್ ಅಧ್ಯಕ್ಷರ ಕೈಯಲ್ಲಿ ಶುರುವಾಗಿ ದಶಕಗಳ ಕಾಲ ಬಾಳಬಹುದಿತ್ತು. ನಿಜಾಮರ ಹೈದರಾಬಾದಿನಲ್ಲಿ? ಶೋಯಬುಲ್ಲಾ ಮೊದಲಿದ್ದ ಪತ್ರಿಕೆಗಳು ಒಂದರ ಹಿಂದೆ ಒಂದು ಮುಚ್ಚಿದವು. ಆಮೇಲೆ ಅವರು ‘ಇಮ್ರೋಜ್’ ಶುರು ಮಾಡಿದರು. ಹೈದರಾಬಾದ್ ಭಾರತಕ್ಕೆ ಸೇರಬೇಕು, ರಜಾಕಾರರನ್ನು ವಿಸರ್ಜಿಸಬೇಕು ಅಂತ 7 ಮಂದಿ ಮುಸ್ಲಿಮರು ಸಹಿ ಹಾಕಿದ ಹೇಳಿಕೆಯನ್ನು ಪ್ರಕಟಿಸಿದರು. ನಮ್ಮ ವಿರುದ್ಧ ಎತ್ತಿದ ಕೈ ಕತ್ತರಿಸುತ್ತೇವೆ ಎಂಬ ಬೆದರಿಕೆ ರಜಾಕಾರರ ಸಭೆಯಲ್ಲಿ ಬಹಿರಂಗವಾಗಿಯೇ ಬಂತು. 1948ರ ಆಗಸ್ಟ್ ತಿಂಗಳ ಒಂದು ರಾತ್ರಿ ಕಚೇರಿಯಿಂದ ಮನೆಗೆ ಬರುವಾಗ ಅವರಿಗೆ ಗುಂಡು ಹೊಡೆದು, ಕೈ ಕತ್ತರಿಸಿದರು. ಇನ್ನೂ 30 ತುಂಬಿರಲಿಲ್ಲ. ಸೈನ್ಯ ಬರುವುದಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ.

ಈ ಮೂವರನ್ನು ನಾವು ಯಾವ ಹೆಸರಿನ ಕೆಳಗೆ ಇಡೋಣ? ‘ವಿಮೋಚನೆ’ಯಲ್ಲಿ ಇವರಿಗೆ ಜಾಗ ಇದ್ದರೂ ಕೊನೆಯ ಸಾಲಿನಲ್ಲಿ, ‘ಇವರೂ ಇದ್ದರು’ ಅನ್ನುವ ಹಾಗೆ. ‘ಸುಕೂತ್’ನಲ್ಲಿ ಅಷ್ಟೂ ಇಲ್ಲ, ಅಲ್ಲಿ ಇವರು ಮನೆ ಮುರುಕರು.

ಇಲ್ಲಿ ನಮ್ಮದೇ ತಪ್ಪನ್ನು ನೋಡದೆ ಮುಂದೆ ಹೋದರೆ ಈ ಬರಹಕ್ಕೆ ಅರ್ಥವಿಲ್ಲ. ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಆಗ ಹರಡಿದ ಒಂದು ಸಿದ್ಧಾಂತವಿತ್ತು, ‘ಅನಲ್ ಮಲಿಕ್’, ನಾನೇ ದೊರೆ ಅಂತ. ನಿಜಾಮರು ಕೇವಲ ಗುರುತು, ನಿಜವಾದ ಆಳ್ವಿಕೆ ರಾಜ್ಯದ ಪ್ರತಿಯೊಬ್ಬ ಮುಸ್ಲಿಮನದು ಎನ್ನುವ ವಾದ. ಬಹಾದುರ್ ಯಾರ್ ಜಂಗ್ ಅವರಂಥ ದೊಡ್ಡ ಮಾತುಗಾರರು ಇದನ್ನು ಜನಪ್ರಿಯ ಮಾಡಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಲಾತೂರಿನ ವಕೀಲ ಕಾಸಿಮ್ ರಜ್ವಿಯ ಕೈಗೆ ಅದು ಕತ್ತಿಯಾಗಿ ಸಿಕ್ಕಿತು. ನಮಾಜಿನ ಪ್ರತಿ ರಕಾತಿನಲ್ಲಿ ಮಾಲಿಕ್ ಯಾರು ಅಂತ ಹೇಳಿಕೊಳ್ಳುವ ಜನಕ್ಕೆ ‘ನೀನೇ ಮಲಿಕ್’ ಅಂತ ಕಲಿಸಿದರು, ಅವರೂ ಕಲಿತರು. ಟಾಂಗಾ ಹೊಡೆಯುವವನು, ಬೀಡಿ ಕಟ್ಟುವವನು, ಮಿಲ್ಲಿನಲ್ಲಿ ನೂಲು ತೆಗೆಯುವವನು ಹೊಟ್ಟೆಗಿಲ್ಲದಿದ್ದರೂ ದೊರೆಯಾದ! ಪಕ್ಕದ ಮನೆಯ ಕೂಲಿಯವನು ಪ್ರಜೆಯಾದ. ಇಬ್ಬರೂ ಸೇರಿ ದೊರೆಯ ಮುಂದೆ ನಿಲ್ಲುವ ದಾರಿ ಅಲ್ಲಿಗೆ ಮುಚ್ಚಿತು. ಬೀದರ್ ಸೀಮೆಯ ಗೋರ್ಟಾ ಹಳ್ಳಿಯಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯನ್ನು ನಾವು ನಮ್ಮ ಬರಹಗಳಲ್ಲಿ ಹೆಸರಿಟ್ಟು ಹೇಳಬೇಕು. ‘ಎರಡೂ ಕಡೆ ಆಯ್ತು’ ಅಂತ ಒಂದೇ ವಾಕ್ಯದಲ್ಲಿ ಮುಗಿಸುವುದು ಬೇಡ.

ಹೇಳಿದ ಮೇಲೆ ಮುಂದಿನದನ್ನೂ ಹೇಳುವ ಹಕ್ಕು ಇರುತ್ತೆ. ಸೆಪ್ಟೆಂಬರ್ 13ರಂದು ಸೈನ್ಯ ಹೊಕ್ಕಿತು, 17ರಂದು ನಿಜಾಮರು ಸೋಲೊಪ್ಪಿದರು. ಆಮೇಲೆ ಹಳ್ಳಿಗಳಲ್ಲಿ ಏನಾಯ್ತು ಅಂತ ನೋಡಿ ಬರಲು ಭಾರತ ಸರ್ಕಾರವೇ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫ್ಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಕಳಿಸಿತು. ಗಫ್ಫಾರ್ ಸಾಹೇಬರು ಉರ್ದುವಿನ ಹೆಸರಾಂತ ಲೇಖಕರು. ಸತ್ತವರು 27,000ದಿಂದ 40,000 ಇರಬಹುದು ಅಂತ ಅವರ ಅಂದಾಜು. ಹೆಚ್ಚು ಸಾವಾದ 4 ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡಿನ ಜೊತೆ ನಮ್ಮ ಗುಲ್ಬರ್ಗಾ, ಬೀದರ್ ಇವೆ. ವರದಿಯನ್ನು ದಶಕಗಳ ಕಾಲ ಹೊರಗೆ ಬಿಡಲಿಲ್ಲ.

ದೊರೆಗೆ ಏನಾಯ್ತು? 1950ರ ಜನವರಿ 26ರಿಂದ ಅವರು ಹೈದರಾಬಾದ್ ರಾಜ್ಯದ ರಾಜಪ್ರಮುಖರು. 1956ರ ತನಕ ಆ ಕುರ್ಚಿ. ರಾಜಧನ ವರ್ಷಕ್ಕೆ 50 ಲಕ್ಷ ರೂಪಾಯಿ. ಅದೇ ಹೊತ್ತಿಗೆ ಅವರ ವಿರುದ್ಧ ಎದ್ದಿದ್ದ ಮಖ್ದೂಮ್ ಮೊದಲು ಭೂಗತ, ಆಮೇಲೆ ಜೈಲು. ತೆಲಂಗಾಣದ ರೈತರ ಮೇಲೆ ಹೊಸ ಸರ್ಕಾರದ ಸೈನ್ಯ. ಹೋರಾಟ ನಿಂತದ್ದು 1951ರ ಅಕ್ಟೋಬರಿನಲ್ಲಿ. 1848ರ ಲೂಯಿ ಫಿಲಿಪ್ ಆದರೂ ಇಂಗ್ಲೆಂಡಿಗೆ ಓಡಬೇಕಾಯ್ತು. ನಮ್ಮ ದೊರೆ ಮನೆ ಬಿಟ್ಟು ಕದಲಲೇ ಇಲ್ಲ.

‘ಹಮಾರಿ ಹುಕೂಮತ್’ ಅನ್ನುವ ಮಾತು ನಮ್ಮ ಮನೆಯಲ್ಲೂ ಇತ್ತು. ನನ್ನ ನಾನಿಯ ಅಬ್ಬಾ ರಾಯಚೂರು ಸ್ಟೇಷನ್ನಿನಲ್ಲಿ ಹಮಾಲಿ ಮಾಡ್ತಿದ್ದರು. ಆ ಸೆಪ್ಟೆಂಬರಿನ ನಂತರ ಗಡ್ಡ ಬೋಳಿಸಿಕೊಂಡು, ಹೆಂಡತಿ, ಮೂರು ಮಕ್ಕಳ ಜೊತೆ ಮದ್ರಾಸ್ ಕಡೆಯ ರೈಲು ಹತ್ತಿದರು. ನಾವು ಚೆನ್ನೈನವರಾದದ್ದು ಹಾಗೆ. ನಾನಿ ಕೊನೆಯ ತನಕ ನಿಜಾಮರನ್ನು ‘ಆಲಾ ಹಜ್ರತ್’ ಅಂತಲೇ ಕರೆದರು. ಒಮ್ಮೆ, ಬಿ.ಎಡ್. ಓದುವಾಗ, ನಾನು ಕೇಳಿದೆ: ‘ನಾನಿಮಾ, ಆ ಹುಕೂಮತ್‌ನಲ್ಲಿ ಅಬ್ಬಾಗೆ ದಿನದ ಕೂಲಿ ಎಷ್ಟಿತ್ತು?’ ಅವರು ತುಂಬ ಹೊತ್ತು ಸುಮ್ಮನಿದ್ದು, ‘ಹಬ್ಬಕ್ಕೆ ಮಾತ್ರ ಅನ್ನ ಮಾಡ್ತಿದ್ವಿ’ ಅಂದರು. ಬಾಕಿ ದಿನ ಜೋಳದ ರೊಟ್ಟಿ, ಖಾರ.

ಹೋಲಿಕೆಗೆ ಮೈಸೂರನ್ನು ನೋಡಿ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಬಂದ ಜನರ ಮೇಲೆ ಗುಂಡು ಹಾರಿತು. ದೊರೆ ಹಿಂದೂ, ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ, ಆ ವೃತ್ತಕ್ಕೆ ಇವತ್ತೂ ಅವನ ಹೆಸರೇ ಇದೆ. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಇದನ್ನು ಯಾರಾದರೂ ‘ಹಿಂದೂ ರಾಜನಿಂದ ವಿಮೋಚನೆ’ ಅಂದಿದ್ದಾರಾ? ಇಲ್ಲ, ಅದಕ್ಕೆ ‘ಜವಾಬ್ದಾರಿ ಸರ್ಕಾರದ ಚಳವಳಿ’ ಅಂತ ಸರಿಯಾದ ಹೆಸರೇ ಇದೆ. ತಿರುವಾಂಕೂರಿನ ಪುನ್ನಪ್ರ-ವಯಲಾರ್, 1946. ಅಲ್ಲೂ ದೊರೆಯ ಧರ್ಮ ಹೆಸರಿಗೆ ಅಂಟಲಿಲ್ಲ. ಆದರೆ 1931ರ ಕಾಶ್ಮೀರಕ್ಕೆ ಬಂದರೆ, ದೊರೆ ಹಿಂದೂ, ಎದ್ದ ಪ್ರಜೆಗಳು ಮುಸ್ಲಿಮರು, ಕೂಡಲೇ ಅದು ಧರ್ಮದ ಗಲಾಟೆಯಾಗುತ್ತೆ. ಇಲ್ಲಿ ನಮ್ಮವರು ‘ಅಲ್ಲ, ಅದು ಜನರ ಹೋರಾಟ’ ಅಂತ ಜೋರಾಗಿ ವಾದಿಸುತ್ತಾರೆ. ಸರಿಯಾಗಿಯೇ ವಾದಿಸುತ್ತಾರೆ. ಅದೇ ಬಾಯಿ ಹೈದರಾಬಾದಿಗೆ ಬಂದಾಗ ‘ಸುಕೂತ್’ ಅನ್ನುತ್ತೆ. ಎದುರಿನವರು ಇದನ್ನೇ ತಿರುಗಿಸಿ ಮಾಡ್ತಾರೆ. ತೂಕದ ಕಲ್ಲು ಇಬ್ಬರ ಹತ್ತಿರವೂ ಎರಡೆರಡು.

2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ‘ಕಲ್ಯಾಣ ಕರ್ನಾಟಕ’ ಅಂತ ಹೆಸರಾಯಿತು. ಹೆಸರಿನ ಬಗ್ಗೆ ನನಗೆ ಜಗಳವಿಲ್ಲ, ಬಸವಣ್ಣನವರ ಕಲ್ಯಾಣ ಯಾರಿಗೆ ಬೇಡ? ಆದರೆ ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಬಂದಗಿ, ಶೋಯಬುಲ್ಲಾ ಇರುವುದು ಅಪರೂಪ. ನಮ್ಮ ಮಿಲಾದ್ ಸಭೆಗಳಲ್ಲಿ, ಸೀರತ್ ಸಭೆಗಳಲ್ಲಿ ನಿಂತು ಬೇರೆಯವರನ್ನು ದೂರುವ ಮೊದಲು ನಮ್ಮ ಲೇಖಕರ ಪುಸ್ತಕಗಳ ಪರಿವಿಡಿಯನ್ನು ತಿರುವಿ ಹಾಕಿ. ಟಿಪ್ಪು ಮೇಲೆ ಲೇಖನಗಳಿವೆ, ಬಹಮನಿ ಸುಲ್ತಾನರ ಮೇಲೆ ಇವೆ, ಆದಿಲ್ ಶಾಹಿ ಗುಂಬಜ್ ಮೇಲೆ ಇವೆ. ದೊರೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ದೊರೆಯ ಎದುರು ನಿಂತ ಪತ್ರಕರ್ತನ ಮೇಲೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ.

ಈ ವರ್ಷ ನಾನು 1848ರ ಪಾಠದ ಮರುದಿನ ಒಂದು ಪೀರಿಯಡ್ ಹೆಚ್ಚು ತಗೊಂಡೆ. ಬಂದಗಿ, ಮಖ್ದೂಮ್, ಶೋಯಬುಲ್ಲಾ, ರಮಾನಂದ ತೀರ್ಥರ ಹೆಸರು ಬೋರ್ಡಿನ ಮೇಲೆ ಬರೆದೆ. ಟ್ರಿಪ್ಲಿಕೇನಿನ ಆ ಹುಡುಗಿ ಈಗ ಹನ್ನೊಂದನೇ ತರಗತಿಯಲ್ಲಿದ್ದಾಳೆ. ಕಾರಿಡಾರಿನಲ್ಲಿ ಸಿಕ್ಕಿ, ‘ಮಿಸ್, ನಾನಾಗೆ ಶೋಯಬುಲ್ಲಾ ಬಗ್ಗೆ ಕೇಳಿದೆ, ಅವರಿಗೆ ಗೊತ್ತಿತ್ತು, ಯಾವತ್ತೂ ಹೇಳಿರಲಿಲ್ಲ’ ಅಂದಳು.

ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್ ಕಡೆ ಬೇರು ಇರುವ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಹಳೆಯ ಮನೆಗಳ ಟ್ರಂಕಿನಲ್ಲಿ, ಅಟ್ಟದ ಮೇಲೆ 1947-48ರ ಉರ್ದು ಪತ್ರಿಕೆಗಳು, ಅದರಲ್ಲೂ ‘ಇಮ್ರೋಜ್’ನ ಒಂದಾದರೂ ಸಂಚಿಕೆ ಇದ್ದರೆ ರದ್ದಿಗೆ ಹಾಕಬೇಡಿ. ಫೋಟೋ ತೆಗೆದು ಕಳಿಸಿದರೆ ಸಾಕು, ಕನ್ನಡಕ್ಕೆ ತರುವ ಕೆಲಸ ನಾನು ಮಾಡ್ತೀನಿ. ಹಾಗೆಯೇ ಮನೆಯಲ್ಲಿ ಆ ಕಾಲ ನೋಡಿದವರು ಯಾರಾದರೂ ಇನ್ನೂ ಇದ್ದರೆ, ದೊರೆ ಹೇಗಿದ್ದ ಅಂತ ಕೇಳಬೇಡಿ. ಆಗ ನೀವು ಏನು ಊಟ ಮಾಡ್ತಿದ್ರಿ ಅಂತ ಕೇಳಿ, ಬರೆದಿಟ್ಟುಕೊಳ್ಳಿ.